ಬಿಳಿಯ ಗೆಡ್ಡೆಯಲ್ಲಿ ಮಲಗಿದ ಬಣ್ಣ

ಆಲೂಗೆಡ್ಡೆಯೆಂದೊಡನೆ ಮಣ್ಣುಬಣ್ಣದ ಸಿಪ್ಪೆಯನ್ನೂ ಬೆಳ್ಳನೆಯ ತಿರುಳನ್ನೂ ನೆನೆಯುವ ನಾವು, ಆಂಡೀಸ್ ಪರ್ವತದ ಒಕ್ಕಲಿಗರು ತಲೆತಲಾಂತರದಿಂದ ಬೆಳೆದುಕೊಂಡು ಬಂದಿರುವ ಕೆಂಪು, ನೇರಳೆ, ಕಡುಗಪ್ಪು ಗೆಡ್ಡೆಗಳನ್ನು ಕಂಡರೆ ಅವನ್ನು ಪ್ರಕೃತಿಯ ಚೇಷ್ಟೆಯೆಂದೇ ಬಗೆಯುವೆವು. ಕ್ಷಯರೋಗದ ದೆಸೆಯಿಂದ ವೈದ್ಯವೃತ್ತಿಯನ್ನು ತೊರೆದು ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನೆಲೆಸಿದ ರೆಡ್‌ಕ್ಲಿಫ್ ಸಲಮನ್ ಮಹಾಶಯರು, 1906ರಲ್ಲಿ ತೊಡಗಿ ತಮ್ಮ ತೋಟದಲ್ಲಿ ಸಂಕರಗಳನ್ನು ನಡೆಸಿ, ಈ ವರ್ಣಗಳಿಗೂ ಮೆಂಡಲನ ಅನುವಂಶ ನಿಯಮಗಳು ಅನ್ವಯಿಸುವುವೆಂದು 1910ರಲ್ಲಿ ಪ್ರಕಟಿಸಿದರು.

ಸಿಪ್ಪೆಯ ಬಣ್ಣಕ್ಕೆ ಮುಖ್ಯವಾದ ವಂಶವಾಹಿಗಳು ಮೂರು: ಒಂದು ಕೆಂಪನ್ನು ಕೊಡುವುದು, ಇನ್ನೊಂದು ಅದನ್ನು ನೇರಳೆಯತ್ತ ತಿರುಗಿಸುವುದು, ಮೂರನೆಯದು ಇವೆರಡಕ್ಕೂ ಅಪ್ಪಣೆ ಕೊಡುವುದು. ಅಡುಗೆಯವರಿಬ್ಬರಿದ್ದೂ ಒಲೆ ಹೊತ್ತಿಸುವವನಿಲ್ಲದ ಮನೆಯಂತೆ, ಈ ಮೂರನೆಯದು ಕೆಲಸ ಮಾಡದಿದ್ದರೆ ಉಳಿದೆರಡೂ ಸುಸ್ಥಿತಿಯಲ್ಲಿದ್ದರೂ ಗೆಡ್ಡೆ ಬಿಳಿಯಾಗಿಯೇ ಉಳಿಯುವುದು. ಆದುದರಿಂದ ಬಿಳಿಯ ತಾಯಿತಂದೆಗಳಿಗೆ ಬಣ್ಣದ ಮಗು ಹುಟ್ಟಿದರೆ ಆಶ್ಚರ್ಯಪಡಬೇಕಾದುದಿಲ್ಲ. ಸಾಗುವಳಿಯ ಗೆಡ್ಡೆಯಲ್ಲಿ ಪ್ರತಿಯೊಂದು ವಂಶವಾಹಿಗೂ ನಾಲ್ಕು ಪ್ರತಿಗಳಿರುವುದರಿಂದ ತೊಡಕು ಇನ್ನೂ ಹೆಚ್ಚು: ಎರಡು ಪ್ರತಿ ಪ್ರಬಲ, ಎರಡು ದುರ್ಬಲವಾಗಿರುವ ಗಿಡವನ್ನು ತನ್ನಲ್ಲಿಯೇ ಪರಾಗಸ್ಪರ್ಶಗೊಳಿಸಿದರೆ, ಸಾಮಾನ್ಯವಾಗಿ 36 ಸಸಿಗಳಲ್ಲಿ ಒಂದು ಮಾತ್ರ ದುರ್ಬಲ ಲಕ್ಷಣವನ್ನು ತೋರುವುದು. ತಳಿಗಾರನ ತಾಳ್ಮೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕೆ?

ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯು ಹೊರತಂದ ಕುಫ್ರಿ ನೀಲಕಂಠದ ಸಿಪ್ಪೆ ಕಡುನೇರಳೆ, ತಿರುಳು ತೆಳುಹಳದಿ. ಕಂಠವೊಂದೇ ನೀಲವಾದ ಶಿವನ ಹೆಸರು ಅದಕ್ಕೆ ಸಲ್ಲತಕ್ಕದ್ದೇ. ತಿರುಳೂ ನೇರಳೆಯಾದ ಗೆಡ್ಡೆಯನ್ನು ಹೆಚ್ಚಿ ಒಂದು ಹೋಳಿಗೆ ನಿಂಬೆರಸ ಹಿಂಡಿ, ಇನ್ನೊಂದಕ್ಕೆ ಅಡುಗೆ ಸೋಡಾ ಹಚ್ಚಿದರೆ, ಮೊದಲನೆಯದು ಕೆಂಪೇರಿ ಎರಡನೆಯದು ನೀಲಿ-ಹಸುರಿಗೆ ತಿರುಗುವುದನ್ನು ಮಕ್ಕಳೂ ನೋಡಿ ನಲಿಯಬಹುದು. ಇಷ್ಟು ಚೆಲುವಾದ ವಸ್ತುವನ್ನು ಔಷಧವೆಂದು ಕೂಗಿ ಮಾರುವ ಅಂಗಡಿಯವರ ಆತುರ ಮಾತ್ರ ನನಗೆ ರುಚಿಸದು. ಈ ಕೆಂಪು-ನೇರಳೆ ಬಣ್ಣಗಳನ್ನು ಕೊಡುವ ಆಂಥೋಸಯನಿನ್ ಉತ್ಕರ್ಷಣವನ್ನು ತಡೆಯುವ ದ್ರವ್ಯವೆಂಬುದು ದಿಟವಾದರೂ, ಪ್ರಯೋಗಶಾಲೆಯ ನಳಿಕೆಯಲ್ಲಿ ಕಂಡ ಗುಣವೆಲ್ಲ ಪಲ್ಯದ ಬಾಣಲೆಯನ್ನು ದಾಟಿ ದೇಹದಲ್ಲಿ ಫಲಿಸುವುದೆಂದು ಹೇಳಲಾಗದು.

ಬಣ್ಣದ ತಳಿಗೆ ನಾನು ವಿರೋಧಿಯಲ್ಲ. ಆದರೆ ಮುಂಗಾರಿನ ಮೋಡ ಕವಿದ ವಾರದಲ್ಲಿ ಅಂಗಮಾರಿ ತಗುಲಿ ಎಲೆಯೆಲ್ಲ ಕರಿಕಾದ ಹೊಲದ ಬದುವಿನ ಮೇಲೆ ನಿಂತ ಹಾಸನದ ರೈತನಿಗೆ, ಬಣ್ಣದೊಡನೆ ರೋಗನಿರೋಧವನ್ನೂ ಇಳುವರಿಯನ್ನೂ ಒಂದೇ ಗೆಡ್ಡೆಯಲ್ಲಿ ಕೂಡಿಸಿ ಕೊಡದ ಹೊರತು, ಅವನು ಆ ಬಿತ್ತನೆಗೆಡ್ಡೆಯನ್ನು ತನ್ನ ನೆಲಕ್ಕೆ ಇಳಿಸಲಾರನು.