ಕೋಡ್ ತಪ್ಪಲ್ಲ, ಕರೆಂಟ್ ಸಾಲದು

ತಕ್ಕ ಅಡಾಪ್ಟರ್ ಇಲ್ಲದ ಕಂಪ್ಯೂಟರ್ ಬೋರ್ಡನ್ನು ಕಲಿಕೋಪಕರಣ ಎಂದು ಪಾಠಯೋಜನೆಯಲ್ಲಿ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ. ಬೋಧನಾಭ್ಯಾಸಕ್ಕೆ ನನಗೆ ದೊರೆತ ಪೀಣ್ಯ ಭಾಗದ ಪ್ರೌಢಶಾಲೆಯಲ್ಲಿ ನಾಲ್ಕು ರಾಸ್ಪ್‌ಬೆರಿ ಪೈ ಬೋರ್ಡುಗಳಿವೆ. ಎರಡಕ್ಕೆ ಅಡಾಪ್ಟರ್ ಇಲ್ಲ. ಹಳೆಯ ಕಂಪ್ಯೂಟರಿಗೆ ಜೋಡಿಸಿದ ಯುಎಸ್‌ಬಿ ಹಬ್‌ನಿಂದಲೇ ಅವಕ್ಕೆ ವಿದ್ಯುತ್. ಬೋರ್ಡ್ ಆನ್ ಆಗುತ್ತದೆ. ಕ್ಯಾಮೆರಾ ಜೋಡಿಸಿ ಪ್ರೋಗ್ರಾಂ ಓಡಿಸಿದೊಡನೆ ಆಫ್ ಆಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. "ನಮ್ಮ ಕೋಡೇ ತಪ್ಪು ಮಿಸ್" ಎಂದು ಮಕ್ಕಳು ಸರಿಯಾಗಿದ್ದ ಸಾಲುಗಳನ್ನು ಅಳಿಸುತ್ತಾರೆ.

ಇದರ ಲೆಕ್ಕ ಹತ್ತನೇ ತರಗತಿಯದೇ. ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್‌ನ ಮಿತಿ 500 ಮಿಲಿಆಂಪಿಯರ್; 3.0 ಆದರೆ 900. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಅಷ್ಟನ್ನೇ ತನ್ನ ಎಲ್ಲ ಪೋರ್ಟ್‌ಗಳಿಗೆ ಹಂಚಬೇಕು. ಪೈ 3ಕ್ಕೆ ತಯಾರಕರು ಸೂಚಿಸುವುದು 5 ವೋಲ್ಟ್, 2.5 ಆಂಪಿಯರ್ ಅಡಾಪ್ಟರ್. ಪೈ 4ಕ್ಕೆ 3 ಆಂಪಿಯರ್. ತೆಳು ಕೇಬಲ್ಲಿಗೂ ರೋಧವಿದೆ. ಅದು 0.5 ಓಮ್, ಪ್ರವಾಹ 1 ಆಂಪಿಯರ್ ಎಂದುಕೊಂಡರೆ ದಾರಿಯಲ್ಲೇ 0.5 ವೋಲ್ಟ್ ಇಳಿದು ಬೋರ್ಡಿಗೆ 4.5 ಉಳಿಯುತ್ತದೆ. ಸುಮಾರು 4.63 ವೋಲ್ಟ್‌ಗಿಂತ ಕೆಳಗಿಳಿದರೆ ಈ ಬೋರ್ಡುಗಳು ಪರದೆಯ ಮೂಲೆಯಲ್ಲಿ ಮಿಂಚಿನ ಚಿಹ್ನೆ ತೋರಿಸುತ್ತವೆ. ಫೈಲ್ ಬರೆಯುವಾಗ ವಿದ್ಯುತ್ ಕಡಿದರೆ ಮೆಮೊರಿ ಕಾರ್ಡಿನಲ್ಲಿರುವ ಮಕ್ಕಳ ಕೆಲಸವೂ ಕೆಡಬಹುದು.

ಒಂದು ಎಲ್‌ಇಡಿ ಮಿನುಗಿಸಲು ಹಬ್ ಸಾಕಲ್ಲವೇ ಎಂದು ಕೇಳಬಹುದು. ಎಷ್ಟೋ ಸಲ ಸಾಕಾಗುತ್ತದೆ. ತೊಂದರೆ ಇರುವುದೂ ಅಲ್ಲೇ: ನಿನ್ನೆ ನಡೆದ ಪ್ರಯೋಗ ಇಂದು ಏಕೆ ನಿಂತಿತು ಎಂಬುದು ಮಗುವಿಗೆ ತಿಳಿಯುವುದಿಲ್ಲ. ಹಬ್ ಬಳಸಲೇಬೇಕಾದರೆ ಅದಕ್ಕೆ ಸ್ವಂತ ಅಡಾಪ್ಟರ್ ಇರಬೇಕು. ಪ್ರತಿ ಪೋರ್ಟ್ ಎಷ್ಟು ಆಂಪಿಯರ್ ಕೊಡುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು.

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳಿಗೆ 'ಲೋಡ್' ಹೊಸ ಪದವಲ್ಲ, ಮನೆಯಲ್ಲಿ ಕೇಳಿದ್ದೇ. ಒಂದೇ ಸಾಕೆಟ್‌ಗೆ ಹಲವು ಉಪಕರಣ ಜೋಡಿಸಬಾರದೆಂಬ ಪಾಠವನ್ನು ಈ ಪೂರ್ವಜ್ಞಾನದಿಂದ ಆರಂಭಿಸಿ ಹಬ್‌ವರೆಗೆ ತರಬಹುದು. ಮಕ್ಕಳು ಮೊದಲು ಪ್ರವಾಹವನ್ನು ಊಹಿಸಲಿ, ನಂತರ ಯುಎಸ್‌ಬಿ ಮೀಟರ್ ಇಟ್ಟು ಅಳೆಯಲಿ.

ನಮ್ಮ ಪಾಠಯೋಜನೆಯ ಕಲಿಕೋಪಕರಣ ಅಂಕಣದಲ್ಲಿ ಬೋರ್ಡಿನ ಹೆಸರಿನ ಪಕ್ಕ ಅದಕ್ಕೆ ಬೇಕಾದ ವೋಲ್ಟ್, ಆಂಪಿಯರ್ ಮತ್ತು ಅದು ಸಿಗುವ ಮೂಲವನ್ನೂ ಪ್ರಶಿಕ್ಷಣಾರ್ಥಿಗಳು ಬರೆಯಬೇಕು. ಮಾರ್ಗದರ್ಶಕ ಅಧ್ಯಾಪಕರು ಸಹಿ ಹಾಕುವ ಮುನ್ನ ಆ ಸಾಲನ್ನು ನೋಡಿದರೆ, ಉಪಕರಣದ ಕೊರತೆಯನ್ನು ಮಗು ತನ್ನ ದಡ್ಡತನವೆಂದು ತಿಳಿಯುವುದು ತಪ್ಪುತ್ತದೆ.