ಎರಡು ತಂತಿ, ಒಂದೇ ನಾಲೆ

ಹೈ-ಅವೈಲೆಬಿಲಿಟಿ ಕ್ಲಸ್ಟರ್ ಎಂದರೆ ಒಂದೇ ಕೆಲಸಕ್ಕೆ ಹೆಗಲು ಕೊಟ್ಟ ಎರಡು ಅಥವಾ ಹೆಚ್ಚು ಸರ್ವರ್‌ಗಳ ಗುಂಪು. ಒಂದು ಕೆಟ್ಟು ನಿಂತರೆ ಇನ್ನೊಂದು ಅದರ ಕೆಲಸ ಎತ್ತಿಕೊಳ್ಳಬೇಕು. ಸೇವೆಗಾಗಿ ಕೌಂಟರಿನ ಮುಂದೆ ನಿಂತವರಿಗೆ ಅದು ಗೊತ್ತೇ ಆಗಬಾರದು. ಪಕ್ಕದ ಯಂತ್ರ ಬದುಕಿದೆಯೋ ಇಲ್ಲವೋ ಎಂದು ತಿಳಿಯಲು ಸರ್ವರ್‌ಗಳು ಕ್ಷಣಕ್ಷಣವೂ ಪರಸ್ಪರ ಓಗೊಡುತ್ತಿರುತ್ತವೆ. ಇದಕ್ಕೆ 'ಹಾರ್ಟ್‌ಬೀಟ್' ಎಂದು ಹೆಸರು. ಯಂತ್ರಗಳನ್ನು ಜೋಡಿಯಾಗಿ ಕೊಂಡು ನಡುವೆ ಒಂದೇ ಕೇಬಲ್ ಎಳೆದರೆ, ಇಡೀ ಏರ್ಪಾಟಿನ ಬಲ ಆ ಕೇಬಲ್ಲಿನ ಬಲದಷ್ಟೇ. ಆದ್ದರಿಂದ ದಾರಿಯೂ ಜೋಡಿಯಾಗಬೇಕು.

ಈ ಮಾತಿನ ಬೆಲೆ ತಿಳಿಯಲು ಹೈದರಾಬಾದಿನ ಬೇಗಂಪೇಟೆ ಒಳ್ಳೆಯ ಜಾಗ. ಅಲ್ಲಿನ ರೈಲು ನಿಲ್ದಾಣ ಇರುವುದು ಸಿಕಂದರಾಬಾದಿನಿಂದ ಕಲಬುರಗಿ ಜಿಲ್ಲೆಯ ವಾಡಿಗೆ ಹೋಗುವ ಹಳಿಯ ಮೇಲೆ. ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ಮಾರ್ಗ ಅದು. ಅಲ್ಲಿ ಓಡಾಡುವ ಗಾಡಿಗಳ ಸೀಟಿನ ಲೆಕ್ಕ ಪಕ್ಕದ ಸಿಕಂದರಾಬಾದಿನ ಕಂಪ್ಯೂಟರ್‌ಗಳ ಪಾಲಿಗೆ ಬಂತು. ರೈಲ್ವೆ ರಿಸರ್ವೇಶನ್ ಕಂಪ್ಯೂಟರಿಗೆ ಏರಿದ್ದು 1985ರಲ್ಲಿ, ದಿಲ್ಲಿಯಲ್ಲಿ. ಮುಂದೆ ಊರೂರಿನ ಕೇಂದ್ರಗಳನ್ನು ಒಂದಕ್ಕೊಂದು ಹೆಣೆಯಲು ರೈಲ್ವೆಯ ಮಾಹಿತಿ ಸಂಸ್ಥೆ 'ಕ್ರಿಸ್' ರೂಪಿಸಿದ 'ಕನ್ಸರ್ಟ್' ತಂತ್ರಾಂಶ ಮೊದಲು ಬಳಕೆಗೆ ಬಂದದ್ದು 1994ರ ಸೆಪ್ಟೆಂಬರಿನಲ್ಲಿ, ಇದೇ ಸಿಕಂದರಾಬಾದಿನಲ್ಲಿ. 1999ರ ಏಪ್ರಿಲ್‌ಗೆ ದಿಲ್ಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಐದೂ ಒಂದು ಜಾಲವಾದವು. ರಾಯಚೂರಿನ ಕೌಂಟರಿನಲ್ಲಿ ಫಾರಂ ತುಂಬಿ ದಿಲ್ಲಿಯಿಂದ ಹೊರಡುವ ಗಾಡಿಗೆ ಬರ್ತ್ ಪಡೆಯಬಹುದಾಯಿತು.

ಕನ್ಸರ್ಟ್ ಓಡಿದ್ದು ಡಿಜಿಟಲ್ ಕಂಪನಿಯ ವಿಎಂಎಸ್ ವ್ಯವಸ್ಥೆಯ ಮೇಲೆ. ಕ್ಲಸ್ಟರ್ ಕಲ್ಪನೆಯನ್ನು ಮಾರುಕಟ್ಟೆಗೆ ತಂದ ಮೊದಲಿಗರಲ್ಲಿ ಆ ಕಂಪನಿಯೂ ಒಂದು. ಅದು ತನ್ನ ವ್ಯಾಕ್ಸ್‌ಕ್ಲಸ್ಟರ್ ಅನ್ನು ಘೋಷಿಸಿದ್ದು 1983ರಲ್ಲಿ. ಅದರಲ್ಲಿ ಪ್ರತಿ ಯಂತ್ರದಿಂದಲೂ ನಡುವಿನ 'ಸ್ಟಾರ್ ಕಪ್ಲರ್' ಪೆಟ್ಟಿಗೆಗೆ ಎ, ಬಿ ಎಂಬ ಎರಡು ದಾರಿಗಳಿದ್ದವು. ಆ ಪೆಟ್ಟಿಗೆಗೆ ವಿದ್ಯುತ್ತೇ ಬೇಕಿರಲಿಲ್ಲ. ಕರೆಂಟು ಹೋಗಿ ಅದು ನಿಲ್ಲುವ ಪ್ರಶ್ನೆಯೇ ಇಲ್ಲ. ಜೋಡಿ ದಾರಿಯನ್ನು ಆಮೇಲೆ ಹಚ್ಚಿದ ತೇಪೆಯಾಗಿಸದೆ ಮೊದಲ ನಕ್ಷೆಯಲ್ಲೇ ಬರೆದದ್ದು ಆ ಎಂಜಿನಿಯರುಗಳ ದೊಡ್ಡತನ.

ಇಂದಿನ ಸರ್ವರ್‌ನಲ್ಲಿ ಅದೇ ಕೆಲಸವನ್ನು 'ಬಾಂಡಿಂಗ್' ಮಾಡುತ್ತದೆ: ಎರಡು ನೆಟ್‌ವರ್ಕ್ ಪೋರ್ಟುಗಳನ್ನು ಸೇರಿಸಿ ಒಂದೇ ವಿಳಾಸ ಕೊಡುವುದು. ಮೊದಲ ತಪ್ಪು ನಡೆಯುವುದು ಇಲ್ಲಿಯೇ. ಒಂದೇ ಕಾರ್ಡಿನ ಮೇಲಿನ ಎರಡು ಪೋರ್ಟುಗಳನ್ನು ಜೋಡಿಸಿದರೆ ಕಾರ್ಡು ಸುಟ್ಟ ದಿನ ಎರಡೂ ಹೋಗುತ್ತವೆ. ಕಾರ್ಡು ಎರಡಿರಬೇಕು, ಸ್ವಿಚ್ ಎರಡಿರಬೇಕು, ಆ ಎರಡು ಸ್ವಿಚ್‌ಗಳಿಗೆ ಕರೆಂಟು ಬೇರೆ ಬೇರೆ ಯುಪಿಎಸ್‌ನಿಂದ ಬರಬೇಕು. ಎರಡೂ ದಾರಿಗಳನ್ನು ಒಟ್ಟಿಗೆ ದುಡಿಸುವ ಎಲ್‌ಎಸಿಪಿ ವಿಧಾನದಲ್ಲಿ ವೇಗ ಹೆಚ್ಚು. ಆದರೆ ಎರಡು ಸ್ವಿಚ್‌ಗಳಿಗೆ ಅದನ್ನು ಹಬ್ಬಿಸಲು ಅವೆರಡೂ ಒಂದೇ ಎಂಬಂತೆ ನಡೆದುಕೊಳ್ಳಬೇಕು. ಆಗ ಅವುಗಳ ತಂತ್ರಾಂಶದ ಒಂದು ದೋಷ ಎರಡನ್ನೂ ಕೆಡವಬಹುದು. ಒಂದು ದುಡಿದು ಇನ್ನೊಂದು ಕಾಯುವ 'ಆ್ಯಕ್ಟಿವ್-ಬ್ಯಾಕಪ್' ವಿಧಾನ ಸರಳ. ಹಾರ್ಟ್‌ಬೀಟ್‌ಗೆ ಈ ಸರಳತೆಯೇ ಮೇಲು.

ದಾರಿ ಸತ್ತಿತೆಂದು ತಿಳಿಯುವುದು ಹೇಗೆ ಎಂಬುದು ಇನ್ನಷ್ಟು ಸೂಕ್ಷ್ಮ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೊಮ್ಮೆ ಕೇಬಲ್ಲಿನ ತುದಿಯಲ್ಲಿ ಸಂಕೇತ ಇದೆಯೇ ಎಂದು ನೋಡಲು ಹೇಳಿರುತ್ತಾರೆ. ಸ್ವಿಚ್ ಚಾಲೂ ಇದ್ದು ಅದರಾಚೆಯ ದಾರಿ ಕಡಿದಿದ್ದರೆ ಈ ಪರೀಕ್ಷೆಗೆ ಅದು ಕಾಣುವುದಿಲ್ಲ. ಆಚೆಯ ವಿಳಾಸವೊಂದನ್ನು ಕೂಗಿ ಉತ್ತರಕ್ಕೆ ಕಾಯುವ ಎಆರ್‌ಪಿ ತಪಾಸಣೆ ಬೇಕಾಗುತ್ತದೆ. ಸ್ವಿಚ್‌ಗಳನ್ನು ಜೋಡಿ ದಾರಿಯಲ್ಲಿ ಬೆಸೆದಾಗ ಸಂದೇಶಗಳು ಗಾಣದೆತ್ತಿನಂತೆ ಸುತ್ತದಿರಲೆಂದು ಒಂದು ದಾರಿಯನ್ನು ಮುಚ್ಚಿಡುವ 'ಸ್ಪ್ಯಾನಿಂಗ್ ಟ್ರೀ' ನಿಯಮವಿದೆ. 1985ರಲ್ಲಿ ಅದನ್ನು ಕಂಡುಕೊಟ್ಟ ರೇಡಿಯಾ ಪರ್ಲ್‌ಮನ್ ಕೂಡ ಅದೇ ಡಿಜಿಟಲ್ ಕಂಪನಿಯಲ್ಲಿದ್ದವರು. ಅದರ ಹಳೆಯ ರೂಪದಲ್ಲಿ ಮುಚ್ಚಿದ ದಾರಿ ತೆರೆಯಲು 30ರಿಂದ 50 ಸೆಕೆಂಡು ಹಿಡಿಯುತ್ತದೆ. ಕ್ಲಸ್ಟರ್ ಅಷ್ಟು ಹೊತ್ತು ಕಾಯುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಪಕ್ಕದ ಯಂತ್ರ ಸತ್ತಿತೆಂದು ತೀರ್ಮಾನಿಸುತ್ತದೆ. ಆದ್ದರಿಂದ ಹೊಸ, ಚುರುಕಾದ ರೂಪವನ್ನು ಬಳಸಬೇಕು. ಸರ್ವರ್ ತಾಗುವ ಪೋರ್ಟುಗಳನ್ನು ಈ ಕಾಯುವಿಕೆಯಿಂದ ಬಿಡಿಸಬೇಕು.

ತೀರ್ಮಾನ ತಪ್ಪಿದರೆ ಏನಾಗುತ್ತದೆ? ಎರಡು ಯಂತ್ರಗಳೂ ಬದುಕಿವೆ, ನಡುವಿನ ಮಾತು ಮಾತ್ರ ಕಡಿದಿದೆ ಎಂದುಕೊಳ್ಳಬಹುದು. ಇನ್ನೊಂದು ಸತ್ತಿತೆಂದು ನಂಬಿದ ಪ್ರತಿಯೊಂದೂ ತಾನೇ ಯಜಮಾನ ಎಂದು ಲೆಕ್ಕದ ಪುಸ್ತಕ ತೆರೆಯುತ್ತದೆ. ಒಂದೇ ಬೋಗಿಯ ಒಂದೇ ಕೆಳಬರ್ತನ್ನು ಒಂದು ಯಂತ್ರ ರಾಯಚೂರಿನವರಿಗೂ ಇನ್ನೊಂದು ಗುಂತಕಲ್ಲಿನವರಿಗೂ ಮಾರುತ್ತದೆ. ಯಂತ್ರ ನಿಂತಿದ್ದರೆ ಟಿಕೆಟ್ ತಡವಾಗುತ್ತಿತ್ತು, ಅಷ್ಟೇ. ಇಲ್ಲಿ ಲೆಕ್ಕವೇ ಕೆಟ್ಟಿತು. ಈ ಒಡಕಿಗೆ 'ಸ್ಪ್ಲಿಟ್ ಬ್ರೈನ್' ಎನ್ನುತ್ತಾರೆ. ಕ್ಲಸ್ಟರ್ ಕಟ್ಟುವವರು ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಇದಕ್ಕೆ.

ಇದಕ್ಕೆ ಮದ್ದು ಮೂರು ಬಗೆ. ಹಾರ್ಟ್‌ಬೀಟ್‌ಗೆ ಒಂದಕ್ಕಿಂತ ಹೆಚ್ಚು ಸ್ವತಂತ್ರ ದಾರಿ ಕೊಡುವುದು ಮೊದಲನೆಯದು. ಲಿನಕ್ಸ್‌ನ ಕ್ಲಸ್ಟರ್ ತಂತ್ರಾಂಶ ಕೊರೊಸಿಂಕ್ ಈಗ ಎಂಟು ದಾರಿಗಳವರೆಗೆ ಒಪ್ಪುತ್ತದೆ. ಎರಡನೆಯದು ಕೋರಂ: ಪಂಚಾಯಿತಿ ಸಭೆಯಂತೆ, ಅರ್ಧಕ್ಕಿಂತ ಹೆಚ್ಚು ಮತ ಇರುವ ಪಾಳಯಕ್ಕೆ ಮಾತ್ರ ಕೆಲಸ ಮುಂದುವರಿಸುವ ಹಕ್ಕು. ಎರಡೇ ಯಂತ್ರಗಳಿದ್ದರೆ ಬಹುಮತ ಹುಟ್ಟುವುದಿಲ್ಲ. ಹಾಗಾಗಿ ವಿಎಂಎಸ್ ಕಾಲದಿಂದಲೂ ಒಂದು ಡಿಸ್ಕಿಗೆ ಮೂರನೆಯ ಮತ ಕೊಡುವ ರೂಢಿಯಿದೆ. ಮೂರನೆಯದು ಫೆನ್ಸಿಂಗ್: ಉತ್ತರ ಕೊಡದ ಯಂತ್ರದ ಕರೆಂಟನ್ನೇ ಕಡಿದು, ಅದು ಸತ್ತದ್ದು ಖಾತ್ರಿಯಾದ ಮೇಲೆ ಕೆಲಸ ಎತ್ತಿಕೊಳ್ಳುವುದು. ಕರೆಂಟು ಕಡಿಯುವ ಆ ಆಜ್ಞೆ ಹಾರ್ಟ್‌ಬೀಟ್ ಸಾಗುವ ಸ್ವಿಚ್‌ನಲ್ಲೇ ಹೋಗುವಂತಿದ್ದರೆ, ಸ್ವಿಚ್ ಸತ್ತಾಗ ಎರಡೂ ಒಟ್ಟಿಗೆ ಮೂಕವಾಗುತ್ತವೆ.

ಸರ್ವರ್ ಕೋಣೆಯ ಹೊರಗೂ ಇದೇ ಲೆಕ್ಕ. ಒಂದು ದಾರಿ ವರ್ಷದಲ್ಲಿ ನೂರಕ್ಕೆ ಒಂದು ಪಾಲು ಕೆಟ್ಟಿರುತ್ತದೆ ಎಂದರೆ ಸುಮಾರು 88 ಗಂಟೆ ಸೇವೆಯಿಲ್ಲ. ಅಂಥವೇ ಎರಡಿದ್ದರೆ ಎರಡೂ ಒಟ್ಟಿಗೆ ಕೆಟ್ಟಿರುವುದು ಹತ್ತು ಸಾವಿರಕ್ಕೆ ಒಂದು ಪಾಲು, ಅಂದರೆ ವರ್ಷಕ್ಕೆ ಸುಮಾರು 53 ನಿಮಿಷ. ಆದರೆ ಈ ಗುಣಾಕಾರ ನಿಜವಾಗುವುದು ಒಂದರ ಕೇಡು ಇನ್ನೊಂದಕ್ಕೆ ತಗುಲದಿದ್ದಾಗ ಮಾತ್ರ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು ಬೀಳುವುದೂ ಒಂದೇ ಹಳ್ಳಕ್ಕೆ.

ಬೇಗಂಪೇಟೆಯ ನೆಲ ಇದನ್ನು ಕಣ್ಣಿಗೆ ಕಾಣಿಸುತ್ತದೆ. ಒಂದು ಕಡೆ 2008ರವರೆಗೆ ನಗರದ ವಿಮಾನ ನಿಲ್ದಾಣವಾಗಿದ್ದ ಬಯಲು, ಇನ್ನೊಂದು ಕಡೆ ರೈಲು ಹಳಿ. ನಡುವೆ ಕೂಕಟ್‌ಪಲ್ಲಿಯಿಂದ ಹುಸೇನ್ ಸಾಗರಕ್ಕೆ ಇಳಿಯುವ ನಾಲೆ. ಕೇಬಲ್ ಕಂಪನಿ ಯಾವುದೇ ಇರಲಿ, ಇವನ್ನು ದಾಟಬಹುದಾದ ಸೇತುವೆಗಳೂ ರಸ್ತೆಗಳೂ ಕೆಲವೇ. ಇಬ್ಬರು ಬೇರೆ ಬೇರೆ ಸೇವಾದಾರರಿಗೆ ಹಣ ಕಟ್ಟಿದರೂ ಇಬ್ಬರ ಫೈಬರೂ ಒಂದೇ ಸೇತುವೆಯ ಬದಿಯ ಕೊಳವೆಯಲ್ಲಿ ಮಲಗಿರಬಹುದು. 2000ನೇ ಇಸವಿಯ ಆಗಸ್ಟ್ 24ರಂದು ಬೇಗಂಪೇಟೆಯಲ್ಲಿ ಒಂದೇ ದಿನ 24 ಸೆಂಟಿಮೀಟರ್ ಮಳೆ ದಾಖಲಾಯಿತು. ಅಂಥ ನೀರು ಕೊಳವೆಯೊಳಗಿನ ಕೇಬಲ್ ಯಾರದೆಂದು ನೋಡುವುದಿಲ್ಲ. ರಸ್ತೆ ಅಗೆಯುವ ಜೆಸಿಬಿಯೂ ನೋಡುವುದಿಲ್ಲ. ಆದ್ದರಿಂದ ಬಿಲ್ಲಿನ ಮೇಲಿನ ಹೆಸರು ಸಾಲದು. ಸೇವಾದಾರರಿಂದ ಕೇಬಲ್ ಹಾದಿಯ ನಕ್ಷೆಯನ್ನೇ ಕೇಳಿ ಪಡೆದು, ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು. ಎರಡೂ ಸೇರುವ ಬಿಂದುವಿದ್ದರೆ ಒಂದನ್ನು ಕಟ್ಟಡದ ಇನ್ನೊಂದು ಬದಿಯಿಂದ ತರಿಸಬೇಕು, ಇಲ್ಲವೇ ಮಹಡಿಯ ಮೇಲಿನ ರೇಡಿಯೋ ಕೊಂಡಿಗೆ ಬದಲಿಸಬೇಕು.

ಕಟ್ಟಿದ ಮೇಲೆ ಉಳಿಯುವುದು ಕಾವಲು. ಕಾಯುತ್ತ ಕೂತ ದಾರಿ ಸತ್ತರೆ ಯಾರಿಗೂ ತೊಂದರೆಯಾಗುವುದಿಲ್ಲ, ಹಾಗಾಗಿ ಯಾರೂ ದೂರುವುದಿಲ್ಲ. ತಿಂಗಳುಗಟ್ಟಲೆ ಸತ್ತೇ ಇದ್ದ ಬಿ ದಾರಿ ಬೆಳಕಿಗೆ ಬರುವುದು ಎ ದಾರಿ ಕಡಿದ ರಾತ್ರಿ. ಬಿ ದಾರಿಗೂ ಪ್ರತ್ಯೇಕ ಎಚ್ಚರಿಕೆ ಗಂಟೆ ಇರಬೇಕು. ಸೇವೆಗೆ ಬಿಡುವ ಮುನ್ನ ಒಂದೊಂದೇ ಕೇಬಲ್ ಕಿತ್ತು, ಆಮೇಲೆ ಒಂದೊಂದೇ ಸ್ವಿಚ್‌ನ ಕರೆಂಟು ತೆಗೆದು, ಕೆಲಸ ಎಷ್ಟು ಸೆಕೆಂಡು ತಡೆಯಿತೆಂದು ಬರೆದಿಡಬೇಕು. ಕಿತ್ತದ್ದನ್ನು ಮರಳಿ ಚುಚ್ಚಿದಾಗಲೂ ನೋಡಬೇಕು, ಏಕೆಂದರೆ ಹೋಗುವಾಗ ಸುಗಮವಾಗಿ ಹೋದ ಸಂಚಾರ ಹಿಂದಿರುಗುವಾಗ ಮುಗ್ಗರಿಸುವುದುಂಟು. ಆಮೇಲೆ ವರ್ಷಕ್ಕೆರಡು ಸಲ, ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಸೇವೆಯನ್ನು ಬಿ ದಾರಿಗೆ ಹೊರಳಿಸಿ, ಒಂದು ವಾರ ಅದರಲ್ಲೇ ನಡೆಸಿ, ಮತ್ತೆ ಎ ದಾರಿಗೆ ತರಬೇಕು.