ವಿದ್ಯುನ್ಮಾನ ನಮೂನೆಗಳು ಮತ್ತು ಪೂರಕ ತಂತ್ರಾಂಶ: ಹೊಣೆ ಯಾರದು? – ಒಂದು ವಿಶ್ಲೇಷಣೆ

ಕಾಗದದ ನಮೂನೆಯನ್ನು ಭರ್ತಿ ಮಾಡಲು ಲೇಖನಿಯೊಂದು ಸಾಕಾಗಿತ್ತು. ವಿದ್ಯುನ್ಮಾನ ನಮೂನೆಗೆ ಅಷ್ಟು ಸಾಲದು. ನಮೂನೆಯನ್ನು ತೆರೆಯಲು ಒಂದು ತಂತ್ರಾಂಶ, ಅಕ್ಷರಗಳು ಸರಿಯಾಗಿ ಮೂಡಲು ಅಕ್ಷರಶೈಲಿ, ಮಾಹಿತಿಯ ಪರಿಶೀಲನೆಗೆ ಇನ್ನೊಂದು ಸಾಧನ, ಡಿಜಿಟಲ್ ಸಹಿಗೆ ಮತ್ತೊಂದು – ಹೀಗೆ ಹಲವು ಪೂರಕ ತಂತ್ರಾಂಶಗಳು ಅರ್ಜಿದಾರರ ಗಣಕಯಂತ್ರವನ್ನು ತಲುಪಬೇಕಾಗುತ್ತದೆ. ಅಗತ್ಯವಾದ ಒಂದು ಇಲ್ಲದಿದ್ದರೂ ಸಲ್ಲಿಕೆ ನಿಲ್ಲುತ್ತದೆ. ಆದುದರಿಂದ ಪೂರಕ ತಂತ್ರಾಂಶವನ್ನು ನಮೂನೆಯ ಅಂಗವೆಂದೇ ಪರಿಗಣಿಸುವುದು ಸೂಕ್ತ.

ಹಿನ್ನೆಲೆ

ಕೇಂದ್ರ ಸರ್ಕಾರದ ಎಂಸಿಎ-21 ಯೋಜನೆಯು 2006ರ ಮಾರ್ಚ್‌ನಲ್ಲಿ ಆರಂಭಗೊಂಡು, ಅದೇ ವರ್ಷದ ಸೆಪ್ಟೆಂಬರ್‌ನಿಂದ ಕಂಪನಿಗಳ ದಾಖಲೆಗಳ ವಿದ್ಯುನ್ಮಾನ ಸಲ್ಲಿಕೆ ಕಡ್ಡಾಯವಾಯಿತು. ನಮೂನೆಗಳು ಪಿಡಿಎಫ್ ರೂಪದಲ್ಲಿದ್ದವು. ಅವುಗಳನ್ನು ಭರ್ತಿ ಮಾಡಲು ಅಡೋಬ್ ರೀಡರ್, ಸಹಿ ಹಾಗೂ ಸಲ್ಲಿಕೆಗೆ ಜಾವಾ ತಂತ್ರಾಂಶ ಅರ್ಜಿದಾರರ ಬಳಿ ಇರಬೇಕಾಗಿತ್ತು. 2011ರಲ್ಲಿ ಕೆಲವು ವರ್ಗದ ಕಂಪನಿಗಳು ಲೆಕ್ಕಪತ್ರಗಳನ್ನು ಎಕ್ಸ್‌ಬಿಆರ್‌ಎಲ್ ರೂಪದಲ್ಲಿ ಸಲ್ಲಿಸಬೇಕಾದಾಗ, ಪರಿಶೀಲನಾ ತಂತ್ರಾಂಶವನ್ನು ಸಚಿವಾಲಯವೇ ಜಾಲತಾಣದ ಮೂಲಕ ವಿತರಿಸಿತು. ಆದಾಯ ತೆರಿಗೆ ಇಲಾಖೆಯೂ ವಿವರಪಟ್ಟಿ ಸಿದ್ಧಪಡಿಸಲು ಎಕ್ಸೆಲ್ ಮತ್ತು ಜಾವಾ ಆಧಾರಿತ ತಂತ್ರಾಂಶಗಳನ್ನು ವಿತರಿಸಿತು.

ಈ ಕ್ರಮದಿಂದ ಅನುಕೂಲವೂ ಇತ್ತು. ಅಂತರ್ಜಾಲ ಸಂಪರ್ಕ ದುರ್ಬಲವಾಗಿದ್ದ ಕಾಲದಲ್ಲಿ ಅರ್ಜಿದಾರರು ಸಂಪರ್ಕವಿಲ್ಲದೆಯೇ ಬಿಡುವಿನಲ್ಲಿ ನಮೂನೆ ಭರ್ತಿ ಮಾಡಿ, ಸಲ್ಲಿಕೆಗೆ ಮಾತ್ರ ಸಂಪರ್ಕ ಪಡೆಯಬಹುದಾಗಿತ್ತು.

ಕನ್ನಡ ಅಕ್ಷರಶೈಲಿಯ ಅನುಭವ

ಕರ್ನಾಟಕದ ನಾಗರಿಕರಿಗೆ ಈ ವಿಷಯ ಹೊಸದಲ್ಲ. ಹಿಂದೆ ‘ನುಡಿ’ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರ ಹಾಗೂ ಚಿಹ್ನೆಗಳು ಕಾಣಿಸುತ್ತಿದ್ದವು. ಓದುಗರು ಮೊದಲು ಅಕ್ಷರಶೈಲಿಯನ್ನು ಪಡೆದು ಸ್ಥಾಪಿಸಿಕೊಳ್ಳಬೇಕಾಗಿತ್ತು. ಯೂನಿಕೋಡ್ ಬಳಕೆಗೆ ಬಂದು, ಕನ್ನಡ ಅಕ್ಷರಶೈಲಿಗಳು ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯೊಂದಿಗೇ ದೊರೆಯಲಾರಂಭಿಸಿದ ಮೇಲೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಯಿತು. ಇಲ್ಲಿ ಪರಿಹಾರ ದೊರೆತದ್ದು ವಿತರಣೆಯನ್ನು ಹೆಚ್ಚಿಸಿದ್ದರಿಂದಲ್ಲ, ವಿತರಣೆಯ ಅಗತ್ಯವನ್ನೇ ಇಲ್ಲವಾಗಿಸಿದ್ದರಿಂದ ಎಂಬುದು ಗಮನಾರ್ಹ.

ತೊಡಕು ಮತ್ತು ಅಪಾಯ

ಪೂರಕ ತಂತ್ರಾಂಶವು ಇತರ ಸಂಸ್ಥೆಗಳ ಉತ್ಪನ್ನಗಳನ್ನು ಅವಲಂಬಿಸಿರುತ್ತದೆ. ಜಾವಾ ಪ್ಲಗಿನ್‌ಗೆ ಅಗತ್ಯವಾದ ಬೆಂಬಲವನ್ನು ಕ್ರೋಮ್ ಬ್ರೌಸರ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಕೈಬಿಟ್ಟವು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತಿಗೊಂಡಿತು. ಸರ್ಕಾರದ ನಮೂನೆಯಲ್ಲಿ ಒಂದಕ್ಷರವೂ ಬದಲಾಗದಿದ್ದರೂ ಅದು ತೆರೆಯದಂತಾಗುವ ಪರಿಸ್ಥಿತಿ ಹೀಗೆ ಉದ್ಭವಿಸಿತು. ಇಂತಹ ಸಂದರ್ಭದಲ್ಲಿ ಹಳೆಯ ಬ್ರೌಸರ್ ಉಳಿಸಿಕೊಳ್ಳುವುದು, ಸುರಕ್ಷತಾ ವ್ಯವಸ್ಥೆಯನ್ನು ಸಡಿಲಿಸುವುದು ತಾತ್ಕಾಲಿಕ ಉಪಾಯವೆನಿಸಿದರೂ, ಅದೇ ಗಣಕಯಂತ್ರದಲ್ಲಿ ನಡೆಯುವ ಬ್ಯಾಂಕ್ ವ್ಯವಹಾರಕ್ಕೂ ಅಪಾಯ ತರುತ್ತದೆ.

ವಿಳಂಬಕ್ಕೆ ಹಣದ ಲೆಕ್ಕವೂ ಇದೆ. ಕಂಪನಿಗಳ ವಾರ್ಷಿಕ ಲೆಕ್ಕಪತ್ರ ಹಾಗೂ ವಾರ್ಷಿಕ ವಿವರಪಟ್ಟಿಯ ವಿಳಂಬಕ್ಕೆ ಪ್ರತಿ ನಮೂನೆಗೆ ದಿನವೊಂದಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕವನ್ನು 2018ರ ಜುಲೈನಿಂದ ನಿಗದಿಪಡಿಸಲಾಯಿತು. ಎರಡೂ ನಮೂನೆಗಳು 10 ದಿನ ತಡವಾದಲ್ಲಿ 2,000 ರೂಪಾಯಿ ಆಗುತ್ತದೆ. 2023ರ ಜನವರಿಯಲ್ಲಿ ಎಂಸಿಎ-21 ಹೊಸ ಆವೃತ್ತಿಗೆ ವರ್ಗಾವಣೆಗೊಂಡಾಗ ಕೆಲವು ನಮೂನೆಗಳಿಗೆ ಹೆಚ್ಚುವರಿ ಶುಲ್ಕವಿಲ್ಲದೆ ಕಾಲಾವಕಾಶ ನೀಡಲಾಗಿತ್ತು. ಆದರೆ ಒಬ್ಬ ಅರ್ಜಿದಾರರ ಗಣಕಯಂತ್ರದಲ್ಲಿ ತಂತ್ರಾಂಶ ಕೆಲಸ ಮಾಡಲಿಲ್ಲವೆಂಬುದಕ್ಕೆ ಇಂತಹ ಸಾರ್ವತ್ರಿಕ ರಿಯಾಯಿತಿ ಅನ್ವಯಿಸುವುದಿಲ್ಲ. ತೊಡಕಿನ ಮೂಲ ಎಲ್ಲಿಯೇ ಇರಲಿ, ವೆಚ್ಚ ಬೀಳುವುದು ಅರ್ಜಿದಾರರ ಮೇಲೆ.

ಇತ್ತೀಚಿನ ಬದಲಾವಣೆ

ಈಚಿನ ವರ್ಷಗಳಲ್ಲಿ ಈ ಹೊರೆಯನ್ನು ಅರ್ಜಿದಾರರಿಂದ ಇಲಾಖೆಯ ಸರ್ವರ್‌ಗೆ ವರ್ಗಾಯಿಸುವ ಪ್ರಯತ್ನ ನಡೆದಿದೆ. 2022 ಮತ್ತು 2023ರಲ್ಲಿ ಎಂಸಿಎ-21ರ ಹಲವು ನಮೂನೆಗಳನ್ನು ಜಾಲತಾಣದಲ್ಲಿಯೇ ಭರ್ತಿ ಮಾಡುವಂತೆ ರೂಪಿಸಲಾಯಿತು. 2015ರಲ್ಲಿ ಜಾರಿಗೆ ಬಂದ ಇ-ಸೈನ್ ವ್ಯವಸ್ಥೆಯಲ್ಲಿ ಆಧಾರ್ ದೃಢೀಕರಣದ ಮೂಲಕ ಸಹಿ ಮಾಡಬಹುದಾಗಿದ್ದು, ಪ್ರತ್ಯೇಕ ಟೋಕನ್ ಬೇಕಾಗುವುದಿಲ್ಲ.

ಆದರೂ ಯುಎಸ್‌ಬಿ ಟೋಕನ್‌ನಲ್ಲಿರುವ ಡಿಜಿಟಲ್ ಸಹಿಗೆ ಪೂರಕ ತಂತ್ರಾಂಶ ತಪ್ಪಿಲ್ಲ. ಸಹಿಯ ಖಾಸಗಿ ಕೀಲಿಯು ಟೋಕನ್‌ನಿಂದ ಹೊರಬರಬಾರದೆಂಬುದೇ ಅದರ ಸುರಕ್ಷತೆಯ ತಳಹದಿ. ಜಾಲತಾಣವು ಟೋಕನ್ ಅನ್ನು ನೇರವಾಗಿ ಬಳಸಲು ಬ್ರೌಸರ್ ಅವಕಾಶ ನೀಡದಿರುವುದರಿಂದ, ಇವೆರಡರ ನಡುವೆ ಸೇತುವೆಯಂತೆ ಕೆಲಸ ಮಾಡುವ ಸಣ್ಣ ತಂತ್ರಾಂಶವೊಂದು ಅರ್ಜಿದಾರರ ಗಣಕಯಂತ್ರದಲ್ಲಿ ಇರಬೇಕಾಗುತ್ತದೆ. ಸರಕು ಮತ್ತು ಸೇವಾ ತೆರಿಗೆಯ ಜಾಲತಾಣದಲ್ಲಿ ಬಳಕೆಯಲ್ಲಿರುವ ಎಂಸೈನರ್ ಇದಕ್ಕೆ ಉದಾಹರಣೆ.

ಹೊಣೆಯ ಪ್ರಶ್ನೆ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 5ನೇ ಪ್ರಕರಣವು ವಿದ್ಯುನ್ಮಾನ ಸಹಿಗೆ ಕೈಬರಹದ ಸಹಿಯ ಮಾನ್ಯತೆ ನೀಡಿದೆ. ವಿದ್ಯುನ್ಮಾನ ರೂಪದಲ್ಲಿಯೇ ದಾಖಲೆ ಸ್ವೀಕರಿಸಬೇಕೆಂದು ಒತ್ತಾಯಿಸುವ ಹಕ್ಕನ್ನು ನಾಗರಿಕರಿಗೆ ನೀಡಿಲ್ಲವೆಂದು 9ನೇ ಪ್ರಕರಣವು ಸ್ಪಷ್ಟಪಡಿಸುತ್ತದೆ. ಆದರೆ ಪ್ರಾಧಿಕಾರವೇ ವಿದ್ಯುನ್ಮಾನ ಸಲ್ಲಿಕೆಯನ್ನು ಕಡ್ಡಾಯಗೊಳಿಸಿದಾಗ, ಅದಕ್ಕೆ ಬೇಕಾದ ಸಾಧನವನ್ನು ಉಚಿತವಾಗಿ, ಸುರಕ್ಷಿತವಾಗಿ ಹಾಗೂ ಸಕಾಲದಲ್ಲಿ ಒದಗಿಸುವ ಹೊಣೆಯೂ ಅದರದೇ ಎಂಬುದು ನ್ಯಾಯಸಮ್ಮತ. ಪ್ರತಿ ನಮೂನೆಯೊಂದಿಗೆ ಅಗತ್ಯ ತಂತ್ರಾಂಶದ ಹೆಸರು, ಆವೃತ್ತಿ, ದಿನಾಂಕ ಹಾಗೂ ಪರ್ಯಾಯ ಮಾರ್ಗವನ್ನು ಪ್ರಕಟಿಸುವುದು ಇದರ ಮೊದಲ ಹೆಜ್ಜೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಪೂರಕ ತಂತ್ರಾಂಶವನ್ನು ಸಂಬಂಧಪಟ್ಟ ಇಲಾಖೆಯ ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯತಕ್ಕದ್ದು. ಇ-ಮೇಲ್ ಅಥವಾ ಸಂದೇಶದ ಮೂಲಕ ಬಂದ ಕೊಂಡಿಗಳನ್ನು ಬಳಸಬಾರದು.

2. ಹಿಂದಿನ ವರ್ಷ ಉಳಿಸಿಕೊಂಡ ನಮೂನೆಯನ್ನು ಪುನಃ ಬಳಸದೆ, ಹೊಸ ಆವೃತ್ತಿ ಪ್ರಕಟವಾಗಿದೆಯೇ ಎಂದು ಪರಿಶೀಲಿಸತಕ್ಕದ್ದು.

3. ಕೊನೆಯ ದಿನಾಂಕಕ್ಕೆ ಕನಿಷ್ಠ ಒಂದು ವಾರ ಮುಂಚಿತವಾಗಿ ತಂತ್ರಾಂಶ ಸ್ಥಾಪಿಸಿ, ಟೋಕನ್ ಗುರುತಿಸಲ್ಪಡುತ್ತಿದೆಯೇ ಹಾಗೂ ಸಹಿಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ ಎಂದು ಖಚಿತಪಡಿಸಿಕೊಳ್ಳುವುದು.

4. ಸೈಬರ್ ಕೇಂದ್ರ ಅಥವಾ ಮಧ್ಯವರ್ತಿಗಳ ನೆರವು ಪಡೆದಾಗ ಟೋಕನ್ ಹಾಗೂ ಅದರ ಗುಪ್ತಸಂಖ್ಯೆಯನ್ನು ಅವರ ವಶಕ್ಕೆ ಒಪ್ಪಿಸಬಾರದು.

5. ಸಲ್ಲಿಕೆ ವಿಫಲವಾದಲ್ಲಿ ದೋಷದ ಸಂದೇಶವನ್ನು ದಿನಾಂಕ ಮತ್ತು ಸಮಯ ಕಾಣುವಂತೆ ಉಳಿಸಿಕೊಂಡು, ಅಂದೇ ಸಹಾಯ ಕೇಂದ್ರದಲ್ಲಿ ದೂರು ದಾಖಲಿಸಿ ದೂರಿನ ಸಂಖ್ಯೆ ಪಡೆಯತಕ್ಕದ್ದು. ಮುಂದೆ ವಿಳಂಬಕ್ಕೆ ಕಾರಣ ನೀಡಬೇಕಾದ ಸಂದರ್ಭದಲ್ಲಿ ಇದು ಪ್ರಮುಖ ದಾಖಲೆಯಾಗುತ್ತದೆ.